ಮೇಷ್ಟ್ರ ಆಂಪ್ಲಿಫೈಯರ್

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಗೊತ್ತಿದ್ದವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಂಡಕಂಡವರ ತಪ್ಪು ತಿದ್ದುವ ಅವರ ಚಾಳಿಗೆ ಅದಕ್ಕಿಂತ ಒಪ್ಪುವ ಹೆಸರಿರಲಿಲ್ಲ. ಅವರು ಮಾಡುತ್ತಿದ್ದದ್ದು ಹಾಡು ಕೇಳುವ ಆಂಪ್ಲಿಫೈಯರ್. ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುವಂಥದ್ದಲ್ಲ. ವರ್ಷಕ್ಕೆ ಕೆಲವೇ ಕೆಲವು, ಆರ್ಡರ್ ಕೊಟ್ಟು ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ. ಒಂದೊಂದನ್ನೂ ಎತ್ತಲು ಇಬ್ಬರು ಗಟ್ಟಿಮುಟ್ಟಾದ ಗಂಡಸರು ಬೇಕು. ಎರಡೂ ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತ, ಒಳಗಿನ ಶಾಖ ಹೊರಗೆ ಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್. ಆನ್ ಮಾಡಿ ಸ್ವಲ್ಪ ಹೊತ್ತಿಗೆ ಅದು ಎಷ್ಟು ಕಾಯುತ್ತಿತ್ತೆಂದರೆ ಅಂಗೈ ಇಟ್ಟವರು ತಾವಾಗಿಯೇ ತೆಗೆಯುತ್ತಿದ್ದರು. ಹಾಡು ಜೋರಾಗಿರಲಿ, ಮೆಲ್ಲಗಿರಲಿ, ಒಳಗಿನ ಟ್ರಾನ್ಸಿಸ್ಟರುಗಳಲ್ಲಿ ಕರೆಂಟು ಸದಾ ಪೂರ್ತಿ ಹರಿಯುತ್ತಿರಬೇಕು. ಅದಕ್ಕೆ ಕ್ಲಾಸ್ ಎ ಎನ್ನುತ್ತಾರೆ. ಅದರಲ್ಲಿ ಬಹುಪಾಲು ಕರೆಂಟು ಬರೀ ಶಾಖವಾಗಿ ಹೋಗುತ್ತದೆ.

"ಹೋಗಲಿ ಬಿಡಿ. ಶಾಖ ಕೊಡದೆ ದನಿ ಸಿಗಲ್ಲ" ಎಂದು ಮೇಷ್ಟ್ರು ಗಿರಾಕಿಗಳಿಗೆ ಹೇಳುತ್ತಿದ್ದರು.

ಅವರು ಬರೀ ಮಾತಿನ ಮನುಷ್ಯರಾಗಿರಲಿಲ್ಲ. ಅವರಿಗೆ ನಿಜವಾದ ಕಿವಿ ಇತ್ತು, ಸರ್ಕೀಟು ಬರೆಯುವ ನಿಜವಾದ ವಿದ್ಯೆಯೂ ಇತ್ತು. ಎರಡೂ ಇದೆ ಎಂಬುದು ಅವರಿಗೆ ತುಸು ಹೆಚ್ಚಾಗಿಯೇ ಗೊತ್ತಿತ್ತು.

ಮನೆಯ ಕೆಳಗಿನ ಅಂತಸ್ತೇ ವರ್ಕ್‌ಶಾಪ್. ಹಿಂದಿನ ಕೋಣೆಯಲ್ಲಿ ತಗಡು ಕತ್ತರಿಸುವ, ಮಡಚುವ, ಕೊರೆಯುವ ಯಂತ್ರಗಳು. ಮುಂದಿನ ಕೋಣೆಯಲ್ಲಿ ಬೆಸುಗೆ ಹಾಕುವ ಇಬ್ಬರು ಹೆಂಗಸರ ಮೇಜು. ಕಿಟಕಿ ಪಕ್ಕದಲ್ಲಿ ಮೇಷ್ಟ್ರ ಹೆಂಡತಿಯ ಮೇಜು. ಅವಳನ್ನು ಆ ಹೆಂಗಸರೂ ಅವಳ ತಮ್ಮನೂ ಅಕ್ಕ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ. ಮದುವೆಗೆ ಮುಂಚೆ ಅವಳು ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಇಲ್ಲಿ ಅವಳ ಕೆಲಸ ಟ್ರಾನ್ಸಿಸ್ಟರುಗಳ ಜೋಡಿ ಕೂಡಿಸುವುದು. ಒಂದೇ ಪೆಟ್ಟಿಗೆಯಲ್ಲಿ ಬಂದ ಟ್ರಾನ್ಸಿಸ್ಟರುಗಳೂ ಒಂದರಂತೆ ಇನ್ನೊಂದಿರುವುದಿಲ್ಲ. ಒಂದೊಂದನ್ನೇ ಮೀಟರಿಗೆ ಸಿಕ್ಕಿಸಿ, ಅದು ಬೆಚ್ಚಗಾಗುವವರೆಗೆ ಕಾದು, ಅಂಕಿ ಓದಿ, ಸಮಸಮ ಇರುವುದನ್ನು ಒಟ್ಟಿಗೆ ಇಡಬೇಕು. ಅವಳು ಮೊಟ್ಟೆ ತರುವ ಕಾಗದದ ಟ್ರೇಗಳಲ್ಲಿ ಅವುಗಳನ್ನು ಜೋಡಿಸಿಡುತ್ತಿದ್ದಳು.

ತಗಡಿನ ಕೋಣೆ ಅವಳ ತಮ್ಮನದು. ಆಂಪ್ಲಿಫೈಯರಿನ ಹೊರಮೈ ಪೂರ್ತಿ ಅವನ ಕೈಕೆಲಸ. ಎರಡು ತಗಡು ಸೇರಿದ ಜಾಗದಲ್ಲಿ ಉಗುರು ಓಡಿಸಿದರೂ ಗೊತ್ತಾಗದಂತೆ ಸೇರಿಸುತ್ತಿದ್ದ. ಮೇಷ್ಟ್ರು ಅವನಿಗೆ ಡಬ್ಬಿ ಎಂದು ಹೆಸರಿಟ್ಟಿದ್ದರು. ಯಾರೇ ಬರಲಿ, "ನಾನು ಸಂಗೀತ ಮಾಡ್ತೀನಿ, ಇವನು ಡಬ್ಬಿ ಮಾಡ್ತಾನೆ" ಎಂದೇ ಪರಿಚಯ. ಬಂದವರು ನಗುತ್ತಿದ್ದರು. ಅವನೂ ನಕ್ಕಂತೆ ಮಾಡಿ ಒಳಗೆ ಹೋಗುತ್ತಿದ್ದ.

ಮೇಲಿನ ಅಂತಸ್ತಿನಲ್ಲಿ ಕೇಳುವ ಕೋಣೆ. ದಪ್ಪ ಪರದೆ, ದಪ್ಪ ಜಮಖಾನ, ಎದುರಿಗೆ ಎರಡು ಆಳೆತ್ತರದ ಸ್ಪೀಕರು, ನಡುವೆ ಒಂದೇ ಒಂದು ಕುರ್ಚಿ. ದನಿ ಸರಿಯಾಗಿ ಕೂಡುವುದು ಒಂದೇ ಜಾಗದಲ್ಲಿ, ಆದ್ದರಿಂದ ಒಂದೇ ಕುರ್ಚಿ. ಅದರಲ್ಲಿ ಕೂರುವವರು ಮೇಷ್ಟ್ರು. ಸರ್ಕೀಟಿನಲ್ಲಿ ಏನಾದರೂ ಬದಲಾಯಿಸಿದಾಗಲೆಲ್ಲ ಹೆಂಡತಿಯನ್ನು ಮೇಲೆ ಕರೆಸಿ ಕುರ್ಚಿಯ ಹಿಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಹಾಡು ಮುಗಿದ ಮೇಲೆ ತಲೆ ತಿರುಗಿಸದೆ ಕೇಳುವರು:

"ಏನು ಕೇಳಿಸ್ತು?"

"ಮೊದಲಿಗಿಂತ ಸ್ವಲ್ಪ ಬಿಡಿಬಿಡಿಯಾಗಿ ಕೇಳಿಸ್ತು."

"ಬಿಡಿಬಿಡಿಯಾಗಿ." ಅವರು ಆ ಮಾತನ್ನು ಕೆಟ್ಟ ಟ್ರಾನ್ಸಿಸ್ಟರನ್ನು ಹಿಡಿದಂತೆ ಎತ್ತಿ ಹಿಡಿಯುವರು. "ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸೋ ಕಿವಿ ಅದು. ನಿನ್ನ ಕೇಳಿದೆನಲ್ಲ, ನನಗೆ ಬುದ್ಧಿ ಇಲ್ಲ. ಹೋಗು ಕೆಳಗೆ."

ಮತ್ತೊಂದು ದಿನ ಮತ್ತೆ ಕರೆಯುವರು. ಅವಳು ಏನೂ ಹೇಳದಿದ್ದರೆ, ಮೂಗಿಯನ್ನು ಕಟ್ಟಿಕೊಂಡೆ ಎನ್ನುವರು. ಕೆಳಗಿನ ಹೆಂಗಸರಿಗೆ ಇದೆಲ್ಲ ಮೆಟ್ಟಿಲ ಮೇಲಿಂದ ಕೇಳುತ್ತಿತ್ತು. ಅಕ್ಕ ಇಳಿದು ಬರುವಾಗ ಅವರು ತಲೆ ಬಗ್ಗಿಸಿ ಬೆಸುಗೆ ಹಾಕುತ್ತಿದ್ದರು.

ಆ ವರ್ಷ ಮೇಷ್ಟ್ರು ಹೊಸ ಮಾಡೆಲ್ ಮುಗಿಸಿದರು. ಎಷ್ಟೋ ವರ್ಷ ತಲೆಯಲ್ಲೇ ಬೆಳೆಸಿದ್ದ ಸರ್ಕೀಟು. ಅದರಲ್ಲಿ ಅವರು ರಿಲೇ ತೆಗೆದು ಹಾಕಿದ್ದರು. ರಿಲೇ ಎಂದರೆ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಕೂತ ಕಾವಲುಗಾರ. ಒಳಗೆ ಏನಾದರೂ ಕೆಟ್ಟರೆ ಪಟ್ಟನೆ ದಾರಿ ಕಡಿದು ಸ್ಪೀಕರನ್ನು ಉಳಿಸುತ್ತದೆ. ಆದರೆ ದನಿಯೂ ಅದರ ಮೂಲಕವೇ ಹಾಯಬೇಕು, ಹಾಯುವಾಗ ಕೊಳೆಯಾಗುತ್ತದೆ ಎಂಬುದು ಮೇಷ್ಟ್ರ ವಾದ.

"ರಿಲೇ ಇರಲಿ ರೀ. ಹೆಚ್ಚುಕಡಿಮೆ ಆದ್ರೆ ಗಿರಾಕಿ ಸ್ಪೀಕರ್ ಹೋಗುತ್ತೆ" ಎಂದಳು ಅಕ್ಕ.

"ನನ್ನ ಸರ್ಕೀಟಿಗೆ ಹೆಚ್ಚುಕಡಿಮೆ ಆಗಲ್ಲ. ಆಗೋದಾದ್ರೆ ನಿನ್ನ ಕೈಯಿಂದ."

ಮೊದಲನೆಯದು ಒಬ್ಬ ಹಲ್ಲಿನ ಡಾಕ್ಟರ ಮನೆಗೆ ಹೋಯಿತು. ನಾಲ್ಕು ಜನರಿಗೆ ಕೇಳಿಸಿ ಮೆರೆಯಬೇಕೆಂದು ಡಾಕ್ಟರು ಗೆಳೆಯರನ್ನೆಲ್ಲ ಕರೆದು ಕೂರಿಸಿ ಹಾಡು ಹಾಕಿದರು. ಹಾಡಿನ ನಡುವೆ ದೊಪ್ಪೆಂದು ಸದ್ದಾಯಿತು, ಎರಡೂ ಸ್ಪೀಕರುಗಳಿಂದ ಹೊಗೆ ಎದ್ದಿತು. ಗೆಳೆಯರು ಊಟ ಬಿಟ್ಟು ಕಿಟಕಿ ತೆಗೆಯಲು ಓಡಿದರಂತೆ.

ವಾಪಸು ಬಂದ ಆಂಪ್ಲಿಫೈಯರನ್ನು ಮೇಷ್ಟ್ರು ಎಲ್ಲರ ಮುಂದೆ ಬಿಚ್ಚಿದರು. ಟ್ರಾನ್ಸಿಸ್ಟರುಗಳು ಸುಟ್ಟು ಕರಕಲಾಗಿದ್ದವು. ಅವರು ಒಂದು ನಿಮಿಷವೂ ಯೋಚಿಸಲಿಲ್ಲ.

"ಜೋಡಿ ಸರಿಯಿಲ್ಲ."

"ಎಲ್ಲ ಎರಡೆರಡು ಸಲ ಅಳೆದಿದ್ದೀನಿ" ಎಂದಳು ಅಕ್ಕ.

ಮೇಷ್ಟ್ರು ಅವಳ ಮೇಜಿನ ಹತ್ತಿರ ಹೋದರು. ಒಂದರ ಮೇಲೊಂದು ಇಟ್ಟಿದ್ದ ಮೊಟ್ಟೆ ಟ್ರೇಗಳನ್ನು ಎತ್ತಿ, ಒಂದಾದ ಮೇಲೊಂದರಂತೆ ಅವಸರವಿಲ್ಲದೆ ನೆಲಕ್ಕೆ ಸುರಿದರು. ಕಪ್ಪು ಟ್ರಾನ್ಸಿಸ್ಟರುಗಳು ಚೆಲ್ಲಾಪಿಲ್ಲಿಯಾಗಿ ಮೇಜಿನಡಿಗೆ, ಬೆಸುಗೆಯವರ ಕಾಲಡಿಗೆ ಉರುಳಿದವು.

"ಮತ್ತೆ ಮೊದಲಿಂದ ಅಳೆ" ಎಂದರು.

ಅವಳು ಮೊಣಕಾಲೂರಿ ಆರಿಸತೊಡಗಿದಳು. ತಮ್ಮ ಬಂದು ಪಕ್ಕದಲ್ಲಿ ಕೂತ. "ನೀನು ಮುಟ್ಟಬೇಡ" ಎಂದು ಗದರಿದರು ಮೇಷ್ಟ್ರು. ಅವನು ಎದ್ದು ನಿಂತ. ಅಷ್ಟರಲ್ಲಿ ಡಾಕ್ಟರ ಫೋನು ಬಂತು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಫೋನ್ ಹಾಕಿ ಮೇಷ್ಟ್ರು ಹೇಳಿದರು: "ತಪ್ಪು ನಮ್ಮದೇ ಡಾಕ್ಟ್ರೇ. ಮನೆಯವರ ಕೈಗೆ ಕೆಲಸ ಕೊಟ್ಟರೆ ಹೀಗೇ. ಅಡುಗೆಗೆ ಉಪ್ಪು ಹಾಕಿದಷ್ಟೇ ಸಲೀಸು ಅಂದುಕೊಂಡಿರ್ತಾರೆ." ಅತ್ತ ಕಡೆಯಿಂದ ಡಾಕ್ಟರು ನಕ್ಕರು. ನೆಲದ ಮೇಲೆ ಅಕ್ಕ ಒಂದೊಂದೇ ಟ್ರಾನ್ಸಿಸ್ಟರಿನ ಸೊಟ್ಟಗಾದ ಕಾಲು ನೆಟ್ಟಗೆ ಮಾಡುತ್ತಿದ್ದಳು.

ಹೊಸ ಟ್ರಾನ್ಸಿಸ್ಟರು ಹಾಕಿ ರಿಪೇರಿಯಾದ ಆಂಪ್ಲಿಫೈಯರನ್ನು ಮೇಲಿನ ಕೋಣೆಗೆ ಸಾಗಿಸಬೇಕಿತ್ತು. ಎಂದಿನಂತೆ ತಮ್ಮ ಒಂದು ಪಕ್ಕ ಹಿಡಿಯಲು ಬಂದ. ಮೇಷ್ಟ್ರ ಕೋಪ ಇನ್ನೂ ಇಳಿದಿರಲಿಲ್ಲ.

"ಖಾಲಿ ಇದ್ದಾಗ ಹೊರೋದಷ್ಟೇ ನಿನ್ನ ಕೆಲಸ. ಈಗ ಒಳಗೆ ನನ್ನ ಸರ್ಕೀಟಿದೆ. ಬಿಡು."

"ಭಾವ, ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಇದು."

"ಬಿಡು ಅಂದೆ."

ಅವನು ಬಿಟ್ಟ. ಮೇಷ್ಟ್ರು ಅದಕ್ಕೆ ಪಟ್ಟಿ ಬಿಗಿದು, ಹಿಂದೆ ಹಿಂದೆ ಹೆಜ್ಜೆಯಿಟ್ಟು, ಮೆಟ್ಟಿಲಿಂದ ಮೆಟ್ಟಿಲಿಗೆ ಎಳೆದರು. ತಿರುವಿನ ಹತ್ತಿರ ಪಟ್ಟಿ ಜಾರಿತು. ಅವರು ಅದರ ಜೊತೆಗೇ ಉರುಳಿ ಬಿದ್ದರು, ಅವರ ತೊಡೆಯ ಮೇಲೆ ಆಂಪ್ಲಿಫೈಯರು ಬಿತ್ತು. ಕೆಳಗಿದ್ದವರಿಗೆ ಮೂಳೆ ಮುರಿದ ಸದ್ದು ಕೇಳಿಸಿತು. ತಮ್ಮ ಓಡಿ ಹೋಗಿ, ಇಬ್ಬರು ಎತ್ತಬೇಕಾದ ಪೆಟ್ಟಿಗೆಯನ್ನು ಒಬ್ಬನೇ ಎತ್ತಿ ಪಕ್ಕಕ್ಕಿಟ್ಟ. ಮೇಷ್ಟ್ರು ಬಿಳಿಚಿಕೊಂಡು ಬೆವರುತ್ತಿದ್ದರು. ಅವರ ಬಾಯಿಂದ ಬಂದ ಮೊದಲ ಮಾತು: "ಮೆಲ್ಲಗಿಡೋ. ಮೂಲೆ ತಾಗೀತು."

ಸೊಂಟದ ಹತ್ತಿರ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ರಾಡು ಹಾಕಿದರು. ತಿಂಗಳುಗಟ್ಟಲೆ ಹಾಸಿಗೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದರು. ವರ್ಕ್‌ಶಾಪಿನ ಪಕ್ಕದ ಚಿಕ್ಕ ಕೋಣೆಯಲ್ಲೇ ಮಂಚ ಹಾಕಿಸಿದರು. ಅಲ್ಲಿಂದಲೇ ಅವರು ಗೋಡೆಯಾಚೆಗೆ ಕೂಗಿ ಕೆಲಸ ಹೇಳುತ್ತಿದ್ದರು. ಆರ್ಡರುಗಳು ಕಾದಿದ್ದವು. ಅಕ್ಕ ಮತ್ತು ತಮ್ಮ ಅವರ ನಕ್ಷೆಯಲ್ಲಿದ್ದ ಹಾಗೇ, ಒಂದು ಸ್ಕ್ರೂ ಕೂಡ ಬದಲಾಯಿಸದೆ, ಇನ್ನೊಂದು ಆಂಪ್ಲಿಫೈಯರ್ ಕಟ್ಟಿದರು. ಅದು ಮೇಜಿನ ಮೇಲೇ ಕಾದು ಕಾದು ಸಿಡಿಯಿತು.

ನಕ್ಷೆ ಹಿಡಿದುಕೊಂಡ ತಮ್ಮ, ಅಕ್ಕನನ್ನು ಕರೆದುಕೊಂಡು ಒಬ್ಬ ಎಂಜಿನಿಯರ ಮನೆಗೆ ಹೋದ. ರೇಡಿಯೋ ಸ್ಟೇಷನ್ನಿನ ಟ್ರಾನ್ಸ್‌ಮಿಟರುಗಳನ್ನು ನೋಡಿಕೊಂಡು ರಿಟೈರಾದ ಮನುಷ್ಯ ಅವರು. ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಡೆ ಬೆರಳಿಟ್ಟರು.

"ಬಿಸಿ ಆಗೋದು ಇಲ್ಲಿ. ಬಿಸಿ ಆಯ್ತಾ ಅಂತ ನೋಡಿ ಕರೆಂಟು ತಗ್ಗಿಸೋ ಟ್ರಾನ್ಸಿಸ್ಟರ್ ಇದೆಯಲ್ಲ, ಅವನನ್ನ ಕೂರಿಸಿರೋದು ಅಷ್ಟು ದೂರ, ಆ ಮೂಲೇಲಿ. ಅವನಿಗೆ ಸುದ್ದಿ ಮುಟ್ಟೋ ಹೊತ್ತಿಗೆ ಇಲ್ಲಿ ಎಲ್ಲ ಬೂದಿ ಆಗಿರುತ್ತೆ."

"ಜೋಡಿ?" ಎಂದು ಕೇಳಿದಳು ಅಕ್ಕ.

"ಯಾವ ಜೋಡಿ?"

"ಟ್ರಾನ್ಸಿಸ್ಟರ್ ಜೋಡಿ ಸರಿಯಿಲ್ಲದೆ ಹೀಗಾಗಿರಬಹುದಾ?"

ಅಕ್ಕ ಸುಟ್ಟ ಟ್ರಾನ್ಸಿಸ್ಟರುಗಳ ಜೊತೆ ತಂದಿದ್ದ ಒಳ್ಳೆಯ ಜೋಡಿಯನ್ನು ಎಂಜಿನಿಯರು ಮೀಟರಿಗೆ ಹಾಕಿ ನೋಡಿದರು. "ಇದಕ್ಕೂ ಅದಕ್ಕೂ ಸಂಬಂಧ ಇಲ್ಲಮ್ಮ. ಜೋಡಿ ಅಚ್ಚುಕಟ್ಟಾಗಿದೆ. ತಪ್ಪಿರೋದು ಕಾಗದದಲ್ಲಿ."

ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ನಕ್ಷೆಯನ್ನು ಮಡಚಿ ಚೀಲದೊಳಗಿಟ್ಟಳು. ಆಮೇಲೆ, "ಅವರಿಗೆ ಇದನ್ನ ಈಗ ಹೇಳಬೇಡ" ಎಂದಳು. ಹಾಸಿಗೆ ಹಿಡಿದವರ ಮನಸ್ಸು ನೋಯಿಸಬಾರದು ಎಂದು ಹೇಳುತ್ತಿದ್ದಾಳೆ ಎಂದುಕೊಂಡ ತಮ್ಮ.

ಸರ್ಕೀಟನ್ನು ಮತ್ತೆ ಮೊದಲಿಂದ ಹಾಕಲು ಅವರಿಬ್ಬರ ಕೈಯಲ್ಲಿ ಆಗುವಂತಿರಲಿಲ್ಲ. ದಾರಿ ತೋರಿಸಿದವರೂ ಆ ಎಂಜಿನಿಯರೇ. ಅಂಗೈಯಗಲದ ಒಂದು ಹಸಿರು ಬೋರ್ಡನ್ನು ಅವರು ಡ್ರಾಯರಿನಿಂದ ತೆಗೆದು ತೋರಿಸಿದ್ದರು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ರೆಡಿಮೇಡ್ ಆಂಪ್ಲಿಫೈಯರ್. ಮೇಷ್ಟ್ರದ್ದಕ್ಕಿಂತ ಹೆಚ್ಚು ಶಕ್ತಿ, ಆದರೂ ಕಾಯುವುದಿಲ್ಲ, ಸುಡುವುದಿಲ್ಲ. ತಮ್ಮ ಒಂದಷ್ಟು ತರಿಸಿದ. ತನ್ನ ದೊಡ್ಡ ಪೆಟ್ಟಿಗೆಯೊಳಗೆ ಒಂದನ್ನು ಕೂರಿಸಿದಾಗ ಅದು ಖಾಲಿ ಮನೆಯಲ್ಲಿಟ್ಟ ಹಲ್ಲುಕಡ್ಡಿ ಪೆಟ್ಟಿಗೆಯಂತೆ ಕಂಡಿತು. ಎತ್ತಿದರೆ ಹಗುರ, ಮುಟ್ಟಿದರೆ ತಣ್ಣಗೆ. ಮೇಷ್ಟ್ರ ಆಂಪ್ಲಿಫೈಯರ್ ಎಂದು ಹೇಳಿದರೆ ಯಾರೂ ನಂಬರು. ಅವನು ಕಬ್ಬಿಣದ ಗಟ್ಟಿಯೊಂದನ್ನು ಕತ್ತರಿಸಿ ತೂಕಕ್ಕೆಂದು ತಳಕ್ಕೆ ಬಿಗಿದ. ಹೀಟ್‌ಸಿಂಕಿನ ಒಳಮೈಗೆ ಶಾಖದ ಸುರುಳಿ ಕೂರಿಸಿದ. ಆನ್ ಮಾಡಿದರೆ ಅವು ಸುಮ್ಮನೆ ಕಾಯುತ್ತ ಕೂರುತ್ತವೆ, ಹಾಡಿಗೂ ಅವಕ್ಕೂ ಯಾವ ನಂಟೂ ಇಲ್ಲ. ಕೆಲಸ ಮುಗಿಸಿ ಅಂಗೈ ಇಟ್ಟು ನೋಡಿ ಅವನು ನಕ್ಕ. ಆ ಮನೆಯಲ್ಲಿ ಅವನು ಮನಸಾರೆ ನಕ್ಕದ್ದನ್ನು ಬೆಸುಗೆಯ ಹೆಂಗಸರು ನೋಡಿದ್ದು ಅದೇ ಮೊದಲು.

ಅಂಥದೊಂದನ್ನು ಹಲ್ಲಿನ ಡಾಕ್ಟರಿಗೂ ಕಳಿಸಿದ್ದರು; ಮೊದಲ ಫೋನು ಅವರದೇ. "ಈಗ ಬಂತು ನೋಡಿ ಮೇಷ್ಟ್ರ ದನಿ" ಎಂದರು. ಆಮೇಲೆ ಆಡಿಯೋ ಪತ್ರಿಕೆಯೊಂದರ ವಿಮರ್ಶಕ ಒಂದನ್ನು ತರಿಸಿಕೊಂಡು ಕೇಳಿ ಎರಡು ಪುಟ ಬರೆದ. ಅಕ್ಕ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಅದನ್ನು ಗಂಡನಿಗೆ ಓದಿ ಹೇಳಿದಳು.

"'ಈ ದನಿ ಹುಟ್ಟಿರುವುದು ಶಾಖದಲ್ಲಿ. ಮಾರುಕಟ್ಟೆಯ ತಣ್ಣನೆಯ ರೆಡಿಮೇಡ್ ಬೋರ್ಡುಗಳು ಇದನ್ನು ನಕಲು ಮಾಡುವುದು ಕನಸಿನ ಮಾತು. ಕೈಯಿಟ್ಟು ನೋಡಿ, ಕಲಾವಿದನೊಬ್ಬನ ಮೈಬಿಸಿ ನಿಮಗೆ ತಾಗುತ್ತದೆ.'"

"ಇನ್ನೊಂದ್ಸಲ ಓದು" ಎಂದರು ಮೇಷ್ಟ್ರು.

ಅವಳು ಇನ್ನೊಂದು ಸಲ ಓದಿದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ, "ಕಡೆಗೂ ನಾನು ಹೇಳಿದ ಹಾಗೆ ಜೋಡಿ ಕೂಡಿಸಿದೆ. ಟ್ರೇ ಸುರಿದದ್ದಕ್ಕೆ ಬುದ್ಧಿ ಬಂತು. ಇಲ್ಲದಿದ್ರೆ ಬರ್ತಿತ್ತಾ? ಹೇಳು, ಬರ್ತಿತ್ತಾ?"

"ಇಲ್ಲ" ಎಂದಳು ಅಕ್ಕ. ಪತ್ರಿಕೆ ಮಡಚಿ ಮಡಿಲಲ್ಲಿ ಇಟ್ಟುಕೊಂಡಳು.

ಮೇಷ್ಟ್ರು ಔಷಧಿಗಿಂತ ಆ ಎರಡು ಪುಟದಿಂದಲೇ ಚೇತರಿಸಿಕೊಂಡರು ಎನ್ನಬಹುದು. ವಾಕರ್ ಹಿಡಿದು ನಿಲ್ಲುವಂತಾದರು. ಅಷ್ಟರಲ್ಲಿ ವಿಮರ್ಶಕನಿಂದ ಕೋರಿಕೆ ಬಂತು, ಮೇಷ್ಟ್ರ ಸಂದರ್ಶನ ಬೇಕು ಎಂದು. ಒಂದು ಬೆಳಿಗ್ಗೆ ತಮ್ಮ ಅವರ ಕಂಕುಳಿಗೆ ಕೈಕೊಟ್ಟು ಮೆಟ್ಟಿಲು ಹತ್ತಿಸಿದ. ಬಿದ್ದ ಮೇಲೆ ಅವರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಕುರ್ಚಿಯಲ್ಲಿ ಕೂರುವ ಮುಂಚೆ ಹೀಟ್‌ಸಿಂಕಿನ ಮೇಲೆ ಅಂಗೈ ಇಟ್ಟರು. ಬಿಸಿಯಾಗಿತ್ತು. "ಹಾಂ" ಎಂದರು.

ವಿಮರ್ಶಕನಿಗೆ ಸ್ಟೂಲು ಹಾಕಿದ್ದರು. ಅವನು ಬಿಳಿ ಗಡ್ಡದ, ಮೆತ್ತನೆ ಮಾತಿನ ಮನುಷ್ಯ. ಅಕ್ಕ ಎಂದಿನಂತೆ ಕುರ್ಚಿಯ ಹಿಂದೆ ನಿಂತಳು. ತಮ್ಮ ಬಾಗಿಲಲ್ಲಿ. ಹಾಡು ಶುರುವಾಯಿತು: ಒಬ್ಬ ಹೆಂಗಸಿನ ದನಿ, ಜೊತೆಗೆ ಒಂದೇ ಪಿಯಾನೋ. ಕೋಣೆ ತುಂಬಿತು. ಹಾಡುವವಳು ಉಸಿರು ಎಳೆದುಕೊಂಡದ್ದು, ತುಟಿ ಬಿಟ್ಟದ್ದು ಎಲ್ಲ ಎದುರಿಗೇ ನಡೆದಂತಿತ್ತು. ಮೇಷ್ಟ್ರ ಕಣ್ಣು ತುಂಬಿತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಇದೇ" ಎಂದರು ಹಾಡು ಮುಗಿದಾಗ. "ಇಷ್ಟು ವರ್ಷ ನನ್ನ ತಲೆಯೊಳಗೆ ಮಾತ್ರ ಕೇಳ್ತಾ ಇದ್ದದ್ದು ಇದು. ಇವತ್ತು ಹೊರಗೆ ಕೇಳಿದೆ."

ಅವರು ನಟಿಸುತ್ತಿರಲಿಲ್ಲ. ಅಷ್ಟು ವರ್ಷದ ಒಡನಾಟದಲ್ಲಿ ಗಂಡ ಇಷ್ಟು ನಿಜವಾಗಿ ಮಾತಾಡಿದ್ದನ್ನು ಅಕ್ಕ ಕೇಳಿರಲಿಲ್ಲ. ಆ ಒಂದು ಗಳಿಗೆ ಅವಳ ಮನಸ್ಸು ಹಿಂದೆ ಸರಿಯಿತು. ಸುಮ್ಮನಿದ್ದುಬಿಡೋಣ, ಸಂತೋಷವಾಗಿ ಸಾಯಲಿ ಎನ್ನಿಸಿತು ಎಂದು ಅವಳೇ ಆಮೇಲೆ ತಮ್ಮನಿಗೆ ಹೇಳಿದಳು.

ವಿಮರ್ಶಕ ಕೇಳಿದ: "ಮೊದಲನೇ ಸೆಟ್ ಸುಟ್ಟಿತು ಅಂತ ಸುದ್ದಿ. ನಿಜವಾ?"

ಮೇಷ್ಟ್ರು ಹಿಂದೆ ತಿರುಗಿ ನೋಡದೆ ಹೆಬ್ಬೆರಳಿನಿಂದ ಹೆಂಡತಿಯನ್ನು ತೋರಿಸಿದರು. "ಇವಳ ಪ್ರತಾಪ. ಟ್ರಾನ್ಸಿಸ್ಟರ್ ಜೋಡಿ ಕೂಡಿಸೋಕೆ ಬರಲಿಲ್ಲ. ಬರ್ಕೊಳ್ಳಿ, ಪರವಾಗಿಲ್ಲ. ಹೆಂಡತಿ ಅಂತ ಮುಚ್ಚಿಡೋನಲ್ಲ ನಾನು. ಸರ್ಕೀಟು ದೇವರು ಬರೆದ ಹಾಗಿದ್ರೂ ಕಟ್ಟೋರು ದಡ್ಡರಾದ್ರೆ ಏನು ಮಾಡೋದು?"

ಅವನು ಬರೆದುಕೊಂಡ.

ಅಕ್ಕ ಕೆಳಗೆ ಹೋದಳು. ಬಂದಾಗ ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತು. ಬಾಗಿಲಲ್ಲಿ ತಮ್ಮ ಅವಳ ಮುಖ ನೋಡಿ ಅಡ್ಡ ನಿಂತ.

"ಬೇಡ ಅಕ್ಕ."

"ಸ್ವಿಚ್ ಆಫ್ ಮಾಡು" ಎಂದಳು.

ಅವಳು ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಮೇಷ್ಟ್ರಿಗೆ ಖುಷಿಯಾಯಿತು. "ಹೂಂ, ತೋರಿಸು, ಒಳಗಿನ ಕೆಲಸ ನೋಡಲಿ" ಎಂದು ವಿಮರ್ಶಕನ ಕಡೆ ಬಾಗಿದರು. "ಮಧ್ಯದಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಕಾಣುತ್ತೆ. ಎರಡೂ ಪಕ್ಕ ಟ್ರಾನ್ಸಿಸ್ಟರ್ ಸಾಲು. ತಂತಿ ಎಳೆದಿರೋ ರೀತಿ ನೋಡಿ, ಒಂದರ ಮೇಲೊಂದು ಹಾದಿರಲ್ಲ. ಅದು ನನ್ನ ನಿಯಮ."

ಅಕ್ಕ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದಳು.

ಮೇಷ್ಟ್ರು ನೋಡಿದರು. ತಪ್ಪು ಪೆಟ್ಟಿಗೆ ತೆರೆದರೇನೋ ಎಂಬಂತೆ ಹೆಂಡತಿಯ ಮುಖ ನೋಡಿ, ಮತ್ತೆ ಒಳಗೆ ನೋಡಿದರು.

"ಇದು ಕಬ್ಬಿಣ. ತೂಕಕ್ಕೆ" ಎಂದಳು ಅಕ್ಕ, ಸ್ಕ್ರೂ ಡ್ರೈವರಿನಿಂದ ತಟ್ಟಿ ತೋರಿಸುತ್ತ. "ಇದು ಬಿಸಿ ಮಾಡೋಕೆ. ನೀವು ಕೈಯಿಟ್ಟು ನೋಡ್ತೀರಲ್ಲ, ಅದಕ್ಕೆ. ಇದು ಹಾಡಿದ್ದು." ಮೂಲೆಯ ಹಸಿರು ಬೋರ್ಡಿನ ಹತ್ತಿರ ಸ್ಕ್ರೂ ಡ್ರೈವರ್ ನಿಂತಿತು. ಅವಳು ಗಂಡನ ಕೈ ಹಿಡಿದು, ಎಳೆದು, ಆ ಬೋರ್ಡಿನ ಮೇಲೆ ಇಟ್ಟಳು. "ಮುಟ್ಟಿ. ತಣ್ಣಗಿದೆ ಅಲ್ವಾ? ಅಂಗಡಿಯಿಂದ ತಂದದ್ದು. ನಿಮ್ಮ ಸರ್ಕೀಟು ಎರಡು ಸಲ ಕಟ್ಟಿದ್ವಿ, ಎರಡು ಸಲ ಸುಟ್ಟಿತು. ಬಿಸಿ ನೋಡೋ ಟ್ರಾನ್ಸಿಸ್ಟರನ್ನ ನೀವು ಇಡಬಾರದ ಜಾಗದಲ್ಲಿ ಇಟ್ಟಿದ್ರಿ. ಜೋಡಿ ಸರಿಯಾಗೇ ಇತ್ತು. ಅದನ್ನೂ ಬರ್ಕೊಳ್ಳಿ ಸರ್."

ಮೇಷ್ಟ್ರ ಕೈ ಬೋರ್ಡಿನ ಮೇಲೇ ಇತ್ತು. ಅವರ ತಲೆ ಓಡುವುದು ನಿಂತಿರಲಿಲ್ಲ. ನಕ್ಷೆಯನ್ನು ಅವರು ಕಣ್ಣೊಳಗೇ ಬಿಡಿಸಿ ನೋಡುತ್ತಿದ್ದಾರೆ ಎಂಬುದು ತಮ್ಮನಿಗೆ ಕಾಣುತ್ತಿತ್ತು. ಬಹಳ ಹೊತ್ತಾದ ಮೇಲೆ ಅವರ ಗಲ್ಲ ಸಡಿಲವಾಯಿತು. ತಪ್ಪು ಅವರಿಗೆ ಸಿಕ್ಕಿತ್ತು.

ಎದ್ದವನು ವಿಮರ್ಶಕ. ಅವನು ಪರದೆ ಸರಿಪಡಿಸಿದ, ಯಾರಾದರೂ ನೋಡುತ್ತಿದ್ದಾರೇನೋ ಎಂಬಂತೆ. "ಮುಚ್ಚಿಬಿಡಿ ಅಮ್ಮ, ದಯವಿಟ್ಟು. ನಾನು ನನ್ನ ಹೆಸರು ಹಾಕಿ ಬರೆದುಬಿಟ್ಟಿದ್ದೀನಿ. ಮೈಬಿಸಿ ಅಂತ ಬೇರೆ ಬರೆದಿದ್ದೀನಿ. ನಾಳೆ ಇದು ಹೊರಗೆ ಗೊತ್ತಾದ್ರೆ ನನ್ನ ಕಿವಿಗೆ ಯಾರು ಬೆಲೆ ಕೊಡ್ತಾರೆ? ನಾನು ಏನೂ ನೋಡಿಲ್ಲ. ನೀವು ಏನೂ ತೋರಿಸಿಲ್ಲ."

ಅವನು ಮಾತಿಗೆ ತಪ್ಪಲಿಲ್ಲ. ಮುಂದಿನ ಸಂಚಿಕೆಯಲ್ಲಿ ಸಂದರ್ಶನ ಬಂತು; ಮುಚ್ಚಳ ತೆಗೆಯುವವರೆಗೆ ಮೇಷ್ಟ್ರು ಆಡಿದ ಮಾತೆಲ್ಲ ಒಂದಕ್ಷರ ಬಿಡದೆ ಅದರಲ್ಲಿತ್ತು. ಮೊದಲ ಸೆಟ್ ಸುಟ್ಟದ್ದು ಹೆಂಡತಿಯ ದಡ್ಡತನದಿಂದ ಎಂಬುದೂ ಇತ್ತು. ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಮಹಾನ್ ಕಲಾವಿದರ ಪ್ರಾಮಾಣಿಕತೆ ಎಂದು ಹೊಗಳಿದ್ದ. ಬೀದಿ ಕೊನೆಯ ಔಷಧಿ ಅಂಗಡಿಯವನು ಕೂಡ ಓದಿ ಅಕ್ಕನನ್ನು ಕಂಡು ನಕ್ಕ.

ಅವಳು ಅದನ್ನೂ ಮಂಚದ ಪಕ್ಕ ಕೂತು ಗಂಡನಿಗೆ ಓದಿ ಹೇಳಿದಳು. ಏರಿಳಿತವಿಲ್ಲದ ದನಿ. ಮೇಷ್ಟ್ರು "ನಿಲ್ಲಿಸು" ಎಂದರು. ಅವಳು ನಿಲ್ಲಿಸಲಿಲ್ಲ. "ಸಾಕು ಕಣೆ" ಎಂದರು. ಪೂರ್ತಿ ಮುಗಿಸಿ, ಮತ್ತೆ ಮೊದಲ ಪುಟಕ್ಕೆ ತಿರುಗಿಸಿದಳು.

ಆರ್ಡರುಗಳು ಮುಗಿಬಿದ್ದವು. ಆದರೆ ಕೊಳ್ಳುವವರಿಗೆಲ್ಲ ಕಲಾವಿದರನ್ನು ಕಣ್ಣಾರೆ ಕಾಣಬೇಕು, ಅವರ ಬಾಯಿಂದ ಕೇಳಬೇಕು. "ನನ್ನ ಕೈಲಿ ಆಗಲ್ಲ" ಎಂದರು ಮೇಷ್ಟ್ರು.

"ಆಗುತ್ತೆ. ಇಷ್ಟು ವರ್ಷ ಬೇರೇನು ಮಾಡಿದ್ರಿ?" ಎಂದಳು ಅಕ್ಕ. "ನಾಳೆ ಗಂಡ ಹೆಂಡತಿ ಇಬ್ಬರು ಬರ್ತಾರೆ. ನೀವು ಕೂರದಿದ್ರೆ ಅವರೆದುರಿಗೂ ಮುಚ್ಚಳ ತೆಗೀತೀನಿ. ಶೇವ್ ಮಾಡ್ಕೊಳ್ಳಿ."

ಅವರು ಕೂತರು. ಮೊದಲ ದಿನ ಮಾತು ತಡವರಿಸಿತು. ಬಂದವರು ಅದನ್ನು ವಿನಯ ಎಂದುಕೊಂಡರು. ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ಅಕ್ಕ ನಿಂತಿರುತ್ತಿದ್ದಳು. ಗಿರಾಕಿಗಳು ಹೋದ ಮೇಲೆ ಅವಳ ಪಾಠ ಶುರುವಾಗುತ್ತಿತ್ತು.

"ಶಾಖದ ಮಾತು ಹೇಳುವಾಗ ಕಣ್ಣು ತಗ್ಗಿಸಿದ್ರಿ. ತಗ್ಗಿಸಬಾರದು."

"ಹೂಂ."

"ಮುಟ್ಟಿ ನೋಡಿ ಅಂತ ನೀವಾಗೇ ಹೇಳಬೇಕು. ಅವರು ಕೇಳೋವರೆಗೆ ಕಾಯಬೇಡಿ. ನನ್ನ ಹೆಸರು ಯಾಕೆ ತೆಗೆದ್ರಿ?"

"ಜೋಡಿ ಚೆನ್ನಾಗಿ ಕೂಡಿಸ್ತಾಳೆ ಅಂದೆ ಅಷ್ಟೇ."

"ಅನ್ನಬೇಡಿ. ಪತ್ರಿಕೆಯಲ್ಲಿ ಬಂದ ಹಾಗೇ ಹೇಳಿ. ದಡ್ಡಿ ಅಂತ ಹೇಳಿ. ಜನ ಅದನ್ನೇ ಕೇಳೋಕೆ ಬರ್ತಾರೆ."

ಹಾಗಾಗಿ ಅವರು ಪ್ರತಿ ಗಿರಾಕಿಯ ಮುಂದೆ ಹೆಂಡತಿಯನ್ನು ದಡ್ಡಿ ಎನ್ನಬೇಕಾಯಿತು. ಮೊದಲು ಅದು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತೋ ಈಗ ಅಷ್ಟೇ ಕಷ್ಟದಿಂದ ಹೊರಡುತ್ತಿತ್ತು. ಹೇಳಿ ಮುಗಿಸುವವರೆಗೆ ಬೆನ್ನ ಹಿಂದಿನ ಕೈ ಅಲ್ಲಾಡುತ್ತಿರಲಿಲ್ಲ.

ತಮ್ಮನಿಗೆ ಮೊದಮೊದಲು ಇದು ಹಾಲು ಕುಡಿದಷ್ಟು ಹಿತವಾಗಿತ್ತು. ಬರಬರುತ್ತ ಊಟ ಸೇರದಾಯಿತು. ಒಂದು ದಿನ ತಗಡಿನ ಕೋಣೆಗೆ ಅಕ್ಕನನ್ನು ಕರೆದು ಹೇಳಿದ: "ಸಾಕು ಮಾಡು. ಅವರು ಸೋತಿದ್ದಾರೆ. ಇನ್ನೆಷ್ಟು?"

"ನಿನಗೆ ಡಬ್ಬಿ ಅಂದ್ರು. ನಿನ್ನ ಹೊಟ್ಟೆ ಅಷ್ಟಕ್ಕೇ ತುಂಬಿತು" ಎಂದಳು ಅಕ್ಕ. "ನನ್ನದು ತುಂಬಿಲ್ಲ ಕಣೋ."

"ಭಾವನ ಮುಖ ನೋಡಿದ್ದೀಯಾ?"

"ದಿನಾ ನೋಡ್ತೀನಿ. ಮೊದಲು ನನಗೆ ಅವರ ತಲೆಯ ಹಿಂಭಾಗ ಮಾತ್ರ ಕಾಣ್ತಿತ್ತು."

ಅವನು ಲಿಫ್ಟಿನ ಕ್ಯಾಬಿನ್ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದು ಬೇರೆ ಮನೆ ಮಾಡಿದ. ಪೆಟ್ಟಿಗೆಗಳನ್ನು ಅಕ್ಕ ಹೊರಗೆ ಮಾಡಿಸತೊಡಗಿದಳು.

ಮೇಷ್ಟ್ರು ಒಂದು ಕೆಲಸ ಮಾಡಿದರು. ಹಳೆಯ ಸರ್ಕೀಟನ್ನು ಹೊಸ ಕಾಗದದ ಮೇಲೆ ಬರೆದು, ಬಿಸಿ ನೋಡುವ ಟ್ರಾನ್ಸಿಸ್ಟರನ್ನು ಇರಬೇಕಾದ ಜಾಗದಲ್ಲಿಟ್ಟರು. ರಿಲೇಯನ್ನೂ ಸೇರಿಸಿದರು. ಅಡುಗೆಮನೆಯ ಬಾಗಿಲಿಗೆ ವಾಕರ್ ಊರಿಕೊಂಡು ಬಂದು ಅದನ್ನು ಹೆಂಡತಿಯ ಕೈಗೆ ಕೊಟ್ಟರು. ಅವರ ಬಾಯಲ್ಲಿ ಬರಬೇಕಾಗಿದ್ದ ಮಾತೆಲ್ಲ ಆ ಕಾಗದದಲ್ಲಿತ್ತು. 'ತಪ್ಪಾಯಿತು' ಎಂಬುದನ್ನು ಅವರು ಬೇರೆ ಯಾವ ರೀತಿಯಲ್ಲೂ ಕಲಿತಿರಲಿಲ್ಲ. ಅವಳು ಕೈ ಒರೆಸಿಕೊಂಡು ನಕ್ಷೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಈಗ ಸರಿಯಾಗಿದೆ" ಎಂದಳು. "ಸುಡಲ್ಲ."

"ಒಂದು ಕಟ್ಟೋಣವಾ? ನೀನು ಜೋಡಿ ಕೂಡಿಸು, ಸಾಕು. ಉಳಿದದ್ದು ನಾನೇ ಮಾಡ್ತೀನಿ."

"ಟ್ರಾನ್ಸಿಸ್ಟರ್ ಎಲ್ಲಿವೆ? ಎಲ್ಲ ಗುಜರಿಗೆ ಹಾಕಿದೆ." ಅವಳು ಕಾಗದವನ್ನು ಅವರಿಗೇ ವಾಪಸು ಕೊಟ್ಟು ಒಲೆಯ ಕಡೆ ತಿರುಗಿದಳು.

ರಜೆಯ ದಿನವೊಂದರಲ್ಲಿ ಅಕ್ಕನ ಮನೆಗೆ ತಮ್ಮ ಬಂದ. ಮೇಷ್ಟ್ರು ಹೊರಗಿನ ಜಗಲಿಯಲ್ಲಿ ಬಿಸಿಲು ಕಾಯುತ್ತ ಕೂತಿದ್ದರು. ಒಗೆದ ಅಂಗಿ, ಬಾಚಿದ ತಲೆ. ಅವನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಬಾರಪ್ಪ, ಕೂತ್ಕೋ" ಎಂದರು. ಹೇಗಿದೆ ಕೆಲಸ, ಎಷ್ಟು ದಪ್ಪದ ತಗಡು ಹಾಕ್ತಾರೆ ಎಂದೆಲ್ಲ ವಿಚಾರಿಸಿದರು. ಒಳಗಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಿಮ್ಮ ಫ್ಯಾಕ್ಟರೀಲಿ ನನಗೆ ಏನಾದ್ರೂ ಕೆಲಸ ಇದೆಯಾ ಕೇಳ್ತೀಯಾ? ಕೂತು ಮಾಡೋದು. ತಂತಿ ಸುಲಿಯೋದಾದ್ರೂ ಸರಿ."

ತಮ್ಮ ನೆಲ ನೋಡಿದ. ಬೇಡಿಕೊಳ್ಳುವ ದನಿಯಲ್ಲಿ ಆ ಮನುಷ್ಯ ತನ್ನ ಹತ್ತಿರ ಮಾತಾಡಬೇಕೆಂದು ಅವನು ಎಷ್ಟು ವರ್ಷ ಹಾರೈಸಿದ್ದನೋ.

"ರೀ, ಬಂದ್ರು ನೋಡಿ" ಎಂದು ಒಳಗಿಂದ ಅಕ್ಕನ ದನಿ ಕೇಳಿಸಿತು. ಗೇಟಿನ ಹತ್ತಿರ ಕಾರು ನಿಂತಿತ್ತು.

ಮೇಷ್ಟ್ರು ಎದ್ದರು. ತಮ್ಮ ಮೆಟ್ಟಿಲವರೆಗೆ ಬಂದು, ಕಂಕುಳಿಗೆ ಕೈಕೊಟ್ಟು ಹತ್ತಿಸಿದ. ಮೇಲೆ ಅಕ್ಕ ನಿಂತಿದ್ದಳು. ತಮ್ಮನನ್ನು ನೋಡಿ "ಊಟ ಮಾಡ್ಕೊಂಡು ಹೋಗು" ಎಂದು ಗಂಡನ ತೋಳು ಹಿಡಿದು ಒಳಗೆ ಕರೆದುಕೊಂಡಳು. ಗಿರಾಕಿಗಳೂ ಹತ್ತಿ ಹೋದರು. ಬಾಗಿಲು ಮುಚ್ಚಿತು.

ತಮ್ಮ ಮೆಟ್ಟಿಲ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತ. ಒಳಗೆ ಭಾವನ ಮಾತು ಶುರುವಾಗಿತ್ತು. ಎಲ್ಲೂ ತಡವರಿಸದೆ, ತುಂಬಾ ಚೆನ್ನಾಗಿ ಹೇಳುತ್ತಿದ್ದರು. ಯಾರೋ ನಕ್ಕರು. ಕೆಳಗೆ ಬೆಸುಗೆಯ ಹೆಂಗಸೊಬ್ಬಳು ಟೀ ಲೋಟ ಹಿಡಿದು ಬಂದು, "ತಗೋ ಅಣ್ಣ" ಎಂದಳು. ಅವನು ಬೇಡವೆಂದು ಕೈಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿನ ಕಡೆ ನಡೆದ.